ಎಸೆನ್ಷಿಯಲಿ ಎಲಿಂಗ್ಟನ್: ಹೈಸ್ಕೂಲ್ ಜಾಝ್ ಬ್ಯಾಂಡಿಗೆ ಇದರಿಂದ ಸಿಗುವುದೇನು

ಅಮೆರಿಕದಲ್ಲಿ ಮಕ್ಕಳನ್ನು ಶಾಲೆಯ ಜಾಝ್ ಬ್ಯಾಂಡಿಗೆ ಸೇರಿಸಿರುವ ಕನ್ನಡಿಗರ ಕಿವಿಗೆ ‘ಎಸೆನ್ಷಿಯಲಿ ಎಲಿಂಗ್ಟನ್’ ಎಂಬ ಹೆಸರು ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ನ್ಯೂಯಾರ್ಕಿನ ‘ಜಾಝ್ ಅಟ್ ಲಿಂಕನ್ ಸೆಂಟರ್’ ಸಂಸ್ಥೆ 1995ರಲ್ಲಿ ಶುರುಮಾಡಿದ ಕಾರ್ಯಕ್ರಮವಿದು. ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಅವರ ಮುಂದಾಳತ್ವದಲ್ಲಿ ಬೆಳೆಯಿತು. ಹೆಚ್ಚಿನವರಿಗೆ ಗೊತ್ತಿರುವುದು ಮೇ ತಿಂಗಳ ಸ್ಪರ್ಧೆ ಮಾತ್ರ. ಸಾಮಾನ್ಯವಾಗಿ 15 ತಂಡಗಳು ಅಂತಿಮ ಸುತ್ತಿಗೆ ಆಯ್ಕೆಯಾಗುತ್ತವೆ. 30ನೇ ಉತ್ಸವ ನಡೆದ 2025ರಲ್ಲಿ ಮಾತ್ರ 30 ತಂಡಗಳನ್ನು ಕರೆದಿದ್ದರು. ಆದರೆ ಸ್ಪರ್ಧೆ ಇದರ ಚಿಕ್ಕ ಭಾಗ. ದೊಡ್ಡ ಲಾಭವಿರುವುದು ಶಾಲೆಗೆ ಉಚಿತವಾಗಿ ಬರುವ ಸ್ವರಲಿಪಿಯಲ್ಲಿ, ಆಮೇಲೆ ವೃತ್ತಿಪರರು ಮಕ್ಕಳ ಪಕ್ಕದಲ್ಲೇ ಕೂತು ನುಡಿಸುವ ಕೆಲವು ಗಂಟೆಗಳಲ್ಲಿ.

ಮೊದಲು ಸ್ವರಲಿಪಿಯ ವಿಷಯ. ಅಮೆರಿಕದ ಹೆಸರಾಂತ ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ತಂಡದ ಹಳೆಯ ರೆಕಾರ್ಡಿಂಗುಗಳನ್ನು ಕೇಳಿ ಕೇಳಿ ಪ್ರತಿ ವಾದ್ಯದ ಪಾಲನ್ನೂ ಬರೆದಿಳಿಸಿದ ಪ್ರತಿಗಳಿವು. ಇವುಗಳಲ್ಲಿ ಬಹಳಷ್ಟು ಡೇವಿಡ್ ಬರ್ಗರ್ ಅವರ ಕೈಯಲ್ಲಿ ಆದದ್ದು. ಶಾಲಾ ಬ್ಯಾಂಡಿಗೆಂದು ಸುಲಭ ಮಾಡಿದ ಪ್ರತಿಗಳಲ್ಲ, ಹಾಗಾಗಿಯೇ ಅಮೂಲ್ಯ. ಜೊತೆಗೆ ಅಭ್ಯಾಸದ ಟಿಪ್ಪಣಿ ಬರುತ್ತದೆ, ಕೇಳಿ ಕಲಿಯಲು ರೆಕಾರ್ಡಿಂಗ್ ಇರುತ್ತದೆ. ಈಚಿನ ವರ್ಷಗಳಲ್ಲಿ ಕೌಂಟ್ ಬೇಸಿ, ಬೆನ್ನಿ ಕಾರ್ಟರ್, ಮೇರಿ ಲೂ ವಿಲಿಯಮ್ಸ್ ಅವರ ಕೃತಿಗಳೂ ಸೇರಿವೆ.

ಪ್ರತಿ ಕೈಗೆ ಬಂದ ಕೂಡಲೇ ಎದುರಾಗುವ ತೊಡಕು ಕುರ್ಚಿಗಳ ಲೆಕ್ಕ. ಇಂದಿನ ಶಾಲಾ ಬ್ಯಾಂಡಿನಲ್ಲಿ ಸಾಮಾನ್ಯವಾಗಿ 5 ಸ್ಯಾಕ್ಸೋಫೋನ್, 4 ಟ್ರಂಪೆಟ್, 4 ಟ್ರೊಂಬೋನ್, ಮತ್ತೆ ಪಿಯಾನೋ, ಗಿಟಾರ್, ಬಾಸ್, ಡ್ರಮ್ಸ್. 1940ರ ಎಲಿಂಗ್ಟನ್ ತಂಡದಲ್ಲಿ ಟ್ರೊಂಬೋನ್ ಮೂರೇ. ನಾಲ್ಕನೆಯ ಹುಡುಗ ಸುಮ್ಮನೆ ಕೂರಬಾರದೆಂದು ಅವನಿಗೂ ಮೂರನೆಯ ಪಾಲನ್ನೇ ಕೊಟ್ಟರೆ ಒಂದು ಸ್ವರ ದಪ್ಪಗಾಗಿ ಇಡೀ ಸ್ವರಮೇಳ ವಾಲುತ್ತದೆ. ಹಾಡಿನಿಂದ ಹಾಡಿಗೆ ಸರದಿ ಮಾಡುವುದೇ ಸರಿ. ಇನ್ನೊಂದು ತೊಡಕು ಕ್ಲಾರಿನೆಟ್. ಆ ತಂಡದ ಬಾರ್ನಿ ಬಿಗಾರ್ಡ್ ಟೆನರ್ ಸ್ಯಾಕ್ಸ್ ಜೊತೆ ಕ್ಲಾರಿನೆಟ್ಟನ್ನೂ ನುಡಿಸುತ್ತಿದ್ದರು. ಹಾಗಾಗಿ ನಿಮ್ಮ ಟೆನರ್ ವಿದ್ಯಾರ್ಥಿಗೂ ಎರಡೂ ಬರಬೇಕು. ಸ್ಯಾಕ್ಸಿನಲ್ಲಿ ಆಕ್ಟೇವ್ ಕೀ ಒತ್ತಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ. ಕ್ಲಾರಿನೆಟ್ಟಿನಲ್ಲಿ ಅಂಥದೇ ಕೀ ಒತ್ತಿದರೆ ಸ್ಥಾಯಿಯನ್ನೂ ದಾಟಿ ಹನ್ನೆರಡನೆಯ ಸ್ವರಕ್ಕೆ ಹೋಗುತ್ತದೆ. ಬೆರಳುಗಳ ಲೆಕ್ಕವೇ ಬೇರೆಯಾದ್ದರಿಂದ ಕೊನೆಯ ತಿಂಗಳಲ್ಲಿ ಕಲಿಸಲು ಹೊರಟರೆ ಕೈಗೂಡುವುದಿಲ್ಲ. ಶಾಲೆ ಶುರುವಾದಾಗಲೇ ಒಬ್ಬರನ್ನು ಗೊತ್ತುಮಾಡಿಕೊಳ್ಳಿ.

ಎಲಿಂಗ್ಟನ್ ಕೃತಿ ‘ಮೂಡ್ ಇಂಡಿಗೋ’ (1930) ಪ್ರತಿಯ ಆರಂಭದಲ್ಲಿ ಊದುವ ವಾದ್ಯ ಮೂರೇ. ಮೇಲೆ ಮ್ಯೂಟ್ (ವಾದ್ಯದ ಬಾಯಿಗೆ ತೂರಿಸಿ ಸದ್ದು ಬದಲಿಸುವ ಬಿರಡೆ) ಹಾಕಿದ ಟ್ರಂಪೆಟ್. ಅದಕ್ಕೆ ಅಂಟಿಕೊಂಡಂತೆ, ತನ್ನ ವ್ಯಾಪ್ತಿಯ ಎತ್ತರದಲ್ಲಿ, ಮ್ಯೂಟ್ ಹಾಕಿದ ಟ್ರೊಂಬೋನ್. ಕ್ಲಾರಿನೆಟ್ ಇವೆರಡಕ್ಕಿಂತ ತುಂಬಾ ಕೆಳಗೆ, ಮಂದ್ರದಲ್ಲಿ. ಕಾಗದದ ಮೇಲೆ ಸರಳ, ಶಾಲೆಯಲ್ಲಿ ಅತಿ ಹೆಚ್ಚು ಕೆಡುವುದೂ ಇದೇ. ಮ್ಯೂಟ್ ತೂರಿಸಿದರೆ ಹಿತ್ತಾಳೆ ವಾದ್ಯದ ಶ್ರುತಿ ಏರುತ್ತದೆ. ಕೆಳಗಿರುವ ಹುಡುಗಿ ತನ್ನದು ಕೇಳಿಸುತ್ತಿಲ್ಲವೆಂದು ಜೋರಾಗಿ ಊದುತ್ತಾಳೆ, ಜೋರಾದಷ್ಟೂ ಕ್ಲಾರಿನೆಟ್ ಶ್ರುತಿ ಇಳಿಯುತ್ತದೆ. ಮೇಲಿನವರು ಮೇಲಕ್ಕೆ, ಕೆಳಗಿನವಳು ಕೆಳಕ್ಕೆ. ಮೂವರನ್ನೂ ಹತ್ತಿರ ನಿಲ್ಲಿಸಿ, ಮೆಲ್ಲಗೆ ನುಡಿಸಿದ ಕ್ಲಾರಿನೆಟ್ಟನ್ನೇ ಆಧಾರ ಶ್ರುತಿಯಾಗಿಟ್ಟು, ಮ್ಯೂಟ್ ಒಳಗಿದ್ದಾಗಲೇ ಉಳಿದಿಬ್ಬರೂ ಟ್ಯೂನಿಂಗ್ ಸ್ಲೈಡ್ (ಶ್ರುತಿ ಹೊಂದಿಸುವ ಕೊಳವೆ) ಸ್ವಲ್ಪ ಹೊರಗೆಳೆದು ಹೊಂದಿಸಿಕೊಳ್ಳಬೇಕು. ಮ್ಯೂಟ್ ಇಲ್ಲದೆ ಹೊಂದಿಸಿದ ಶ್ರುತಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಪ್ಲಂಜರ್ ಬಗ್ಗೆಯೂ ಹೇಳಲೇಬೇಕು. ಎಲಿಂಗ್ಟನ್ ತಂಡದ ಹಿತ್ತಾಳೆ ವಾದ್ಯಗಳ, ಮನುಷ್ಯ ಗೊಣಗಿದಂತೆ ಕೇಳುವ ಆ ಸದ್ದಿಗೆ ಎರಡು ವಸ್ತು ಬೇಕು: ವಾದ್ಯದ ಗಂಟೆಯಾಕಾರದ ಬಾಯೊಳಗೆ ಪಿಕ್ಸಿ ಎಂಬ ಸಣ್ಣ ಮ್ಯೂಟ್, ಅದರ ಹೊರಗೆ ಕೈಯಲ್ಲಿ ಹಿಡಿಯುವ ರಬ್ಬರ್ ಬಟ್ಟಲು. ಹಾರ್ಡ್‌ವೇರ್ ಅಂಗಡಿಯ ಸಿಂಕ್ ಪ್ಲಂಜರಿನ ಹಿಡಿ ತೆಗೆದರೆ ಟ್ರಂಪೆಟ್ಟಿಗೆ ಸಾಕು, ಟ್ರೊಂಬೋನಿಗೆ ದೊಡ್ಡ ಅಳತೆಯದು. ಸಾಮಾನ್ಯ ಸ್ಟ್ರೇಟ್ ಮ್ಯೂಟ್ ಹಾಕಿದರೆ ಅದು ಹೊರಗೆ ಚಾಚಿಕೊಂಡಿರುತ್ತದೆ, ಬಟ್ಟಲು ಮುಚ್ಚುವುದೇ ಇಲ್ಲ.

ಬ್ಯಾರಿಟೋನ್ ಸ್ಯಾಕ್ಸ್ ವಿದ್ಯಾರ್ಥಿಗೆ ಒಂದು ಕಿವಿಮಾತು. ಬೇರೆ ಬ್ಯಾಂಡುಗಳಲ್ಲಿ ಈ ವಾದ್ಯ ಬಹುಪಾಲು ಬಾಸ್ ನುಡಿಸಿದ್ದನ್ನೇ ನುಡಿಸುತ್ತದೆ. ಎಲಿಂಗ್ಟನ್ ತನ್ನ ಬ್ಯಾರಿಟೋನ್ ವಾದಕ ಹ್ಯಾರಿ ಕಾರ್ನಿಗೆ ಮೂಲಸ್ವರ ಬಿಟ್ಟು, ಉಳಿದವಕ್ಕೆ ತಾಕಲಾಡುವ ಸ್ವರವನ್ನು ಆಗಾಗ ಕೊಡುತ್ತಿದ್ದ. ತಾನೇ ತಪ್ಪು ನುಡಿಸುತ್ತಿದ್ದೇನೆಂದು ಮಕ್ಕಳು ಅಳುಕಿ ಸದ್ದು ತಗ್ಗಿಸುತ್ತಾರೆ, ಅಲ್ಲಿಗೆ ಎಲಿಂಗ್ಟನ್ ಬಣ್ಣವೇ ಹೋಯಿತು. ಆ ಸ್ವರ ಧೈರ್ಯವಾಗಿ ಬರಬೇಕು.

ವೇಗದ ಕೃತಿಗಳಲ್ಲಿ ಲಯ ಕೆಡುವುದಕ್ಕೆ ಕಾರಣ ಸ್ವಿಂಗನ್ನು (ಬೀಟನ್ನು ಒಂದು ಉದ್ದ, ಒಂದು ಗಿಡ್ಡ ಸ್ವರವಾಗಿ ಒಡೆದು ನುಡಿಸುವ ರೀತಿ) ಒಂದೇ ಅಳತೆಯೆಂದು ತಿಳಿಯುವುದು. ನಿಮಿಷಕ್ಕೆ 120 ಬೀಟ್ ಇದ್ದಾಗ ಉದ್ದ–ಗಿಡ್ಡ ಜೋಡಿ ತಿಶ್ರ ನಡೆಗೆ ಹತ್ತಿರವಿರುತ್ತದೆ. 200 ದಾಟಿ ವೇಗ ಏರಿದಂತೆಲ್ಲ ಎರಡೂ ಸಮವಾಗುತ್ತಾ ಹೋಗುತ್ತವೆ. ನಿಧಾನದಲ್ಲಿ ಕಲಿತ ಕುಣಿತವನ್ನೇ ಅಲ್ಲಿಗೂ ಒಯ್ದರೆ ಸ್ಯಾಕ್ಸ್ ಸಾಲು ಎಡವುತ್ತದೆ. ಡ್ರಮ್ಸ್ ಬಿಟ್ಟು, ಮೆಟ್ರೋನೋಮನ್ನು 2 ಮತ್ತು 4ನೇ ಬೀಟಿಗೆ ಮಾತ್ರ ಇಟ್ಟು, ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ ಅಭ್ಯಾಸ ಮಾಡಿಸಿ.

ಇನ್ನು ವೃತ್ತಿಪರರ ಪಾಲು. ಆಯ್ಕೆಯಾದ ತಂಡದ ಶಾಲೆಗೇ ಒಬ್ಬ ವಾದಕರು ಬಂದು ಪಾಠ ಮಾಡುತ್ತಾರೆ. ನ್ಯೂಯಾರ್ಕಿನಲ್ಲಿ ಲಿಂಕನ್ ಸೆಂಟರ್ ಆರ್ಕೆಸ್ಟ್ರಾದ ಕಲಾವಿದರ ಒಡನಾಟ ಸಿಗುತ್ತದೆ. ಸುಮಾರು 1,200 ಆಸನಗಳ ರೋಸ್ ಥಿಯೇಟರಿನಲ್ಲಿ, ಕೊನೆಯ ಸಂಜೆ, ಅಗ್ರ ತಂಡಗಳ ಜೊತೆ ಮಾರ್ಸಾಲಿಸ್ ಅವರೇ ಅತಿಥಿ ವಾದಕರಾಗಿ ನಿಂತ ವರ್ಷಗಳಿವೆ. ದೊಡ್ಡವರು ಮುಂದೆ ನಿಂತಾಗ ಮಕ್ಕಳ ಲಯವಿಭಾಗ (ಪಿಯಾನೋ, ಗಿಟಾರ್, ಬಾಸ್, ಡ್ರಮ್ಸ್) ಉತ್ಸಾಹಕ್ಕೆ ಸದ್ದೇರಿಸುತ್ತದೆ, ಅಥವಾ ಅವರನ್ನೇ ನೋಡುತ್ತಾ ನಡೆ ನಿಧಾನಿಸುತ್ತದೆ. ಎರಡಕ್ಕೂ ಮದ್ದು ಬಾಸ್ ಆಂಪ್ಲಿಫೈಯರನ್ನು ತಗ್ಗಿಸುವುದು, ಸಾಧ್ಯವಾದರೆ ಆರಿಸಿಬಿಡುವುದು. ಡಬಲ್ ಬಾಸ್ ಆಂಪ್ಲಿಫೈಯರ್ ಇಲ್ಲದೆ ಕೇಳಿಸಬೇಕಾದರೆ ಡ್ರಮ್ಮರ್ ತಾನಾಗಿ ಮೆತ್ತಗಾಗುತ್ತಾನೆ, ಹಿತ್ತಾಳೆ ಸಾಲೂ ತಗ್ಗುತ್ತದೆ.

ನಿಮ್ಮ ಊರಲ್ಲೇ ವೃತ್ತಿಪರರನ್ನು ಕರೆಸಿ ಜಂಟಿ ಕಛೇರಿ ಮಾಡುವುದಾದರೆ, ಅವರನ್ನು ಮೊದಲ ಕುರ್ಚಿಯಲ್ಲಿ, ಅಂದರೆ ಸಾಲನ್ನು ಮುನ್ನಡೆಸುವ ಲೀಡ್ ಜಾಗದಲ್ಲಿ, ಕೂರಿಸಬೇಡಿ. ಲೀಡ್ ಟ್ರಂಪೆಟ್, ಲೀಡ್ ಆಲ್ಟೋ ವಿದ್ಯಾರ್ಥಿಗಳಲ್ಲೇ ಇರಲಿ. ಹಿರಿಯರು ಎರಡನೇ ಕುರ್ಚಿಯಲ್ಲಿರಲಿ. ಆಗ ಮಗು ಸಾಲನ್ನು ಎಳೆದುಕೊಂಡು ಹೋಗುತ್ತದೆ, ಉಸಿರು ಎಲ್ಲಿ, ಸ್ವರ ಎಲ್ಲಿ ಕಡಿಯಬೇಕು ಎಂಬುದು ಪಕ್ಕದಿಂದ ಕಿವಿಗೆ ಇಳಿಯುತ್ತದೆ. ಕಛೇರಿಯಲ್ಲಿ ಗುರುಗಳ ಬೆನ್ನ ಹಿಂದೆ ತಂಬೂರಿ ಹಿಡಿದು ಕೂತು ಕಲಿತಂತೆಯೇ ಇದು. ಮೊದಲ ಕುರ್ಚಿಯಲ್ಲಿ ವೃತ್ತಿಪರರು ಕೂತರೆ ಆ ಸಂಜೆಯ ಕಾರ್ಯಕ್ರಮ ಚೆನ್ನಾಗಿರುತ್ತದೆ, ಸೋಮವಾರ ಬ್ಯಾಂಡ್ ಮೊದಲಿದ್ದಲ್ಲೇ ಇರುತ್ತದೆ.

ಹೀಗೆ ಕಲಿತವರು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಕಾರ್ಲೋಸ್ ಹೆನ್ರಿಕೆಸ್ ಇದ್ದಾರೆ. 1996ರ ಸ್ಪರ್ಧೆಯಲ್ಲಿ ಗೆದ್ದ ನ್ಯೂಯಾರ್ಕಿನ ಲಗಾರ್ಡಿಯಾ ಹೈಸ್ಕೂಲ್ ತಂಡದಲ್ಲಿದ್ದ ಈ ಬಾಸ್ ವಾದಕ ಮುಂದೆ ಅದೇ ಲಿಂಕನ್ ಸೆಂಟರ್ ಆರ್ಕೆಸ್ಟ್ರಾದವರಾದರು.

ಕೊರತೆಗಳೂ ಇವೆ. ಸಿಯಾಟಲ್‌ನ ಗಾರ್‌ಫೀಲ್ಡ್, ರೂಸ್‌ವೆಲ್ಟ್ ಶಾಲೆಗಳ ಹೆಸರು ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದಿದೆ. ಪೋಷಕರ ಬೆಂಬಲ, ಖಾಸಗಿ ಪಾಠ, ಹಳೆಯ ಪರಂಪರೆ ಇರುವಲ್ಲಿಗೇ ಗೆಲುವು ಸುಲಭವಾಗಿ ಹೋಗುತ್ತದೆ. ಸ್ವರಲಿಪಿ ಉಚಿತವಾದರೂ ಬ್ಯಾರಿಟೋನ್ ಸ್ಯಾಕ್ಸ್ ಉಚಿತವಲ್ಲ, ನ್ಯೂಯಾರ್ಕ್ ಪ್ರಯಾಣಕ್ಕೆ ಹಲವು ಶಾಲೆಗಳು ಹಣ ಕೂಡಿಸಿಯೇ ಹೊರಡಬೇಕು. ಕೃತಿಗಳ ಆಯ್ಕೆಯೂ ಸ್ವಿಂಗ್ ಯುಗದ ಕಡೆಗೇ ವಾಲಿದೆ. ಫಂಕ್, ಲ್ಯಾಟಿನ್, ಈ ಕಾಲದ ಬರವಣಿಗೆ ಕಲಿಸಲು ಶಿಕ್ಷಕರು ಬೇರೆ ಕಡೆ ಹುಡುಕಬೇಕು.

ಆದರೂ ಕಾರ್ಯಕ್ರಮದ ಸದಸ್ಯರಾಗಿ, ಸ್ಪರ್ಧೆಯ ಆಯ್ಕೆಗೆ ನಿಮ್ಮ ತಂಡದ ರೆಕಾರ್ಡಿಂಗ್ ಕಳಿಸಿ ಎಂದೇ ಹೇಳುತ್ತೇವೆ. ಆಯ್ಕೆಯಾಗದ ತಂಡಕ್ಕೂ ತೀರ್ಪುಗಾರರ ಲಿಖಿತ ಅಭಿಪ್ರಾಯ ಬರುತ್ತದೆ, ಸ್ಪರ್ಧೆಯಿಲ್ಲದ ಪ್ರಾದೇಶಿಕ ಉತ್ಸವಗಳೂ ಇವೆ. ರೆಕಾರ್ಡಿಂಗ್ ಮಾಡುವಾಗ ಪ್ರತಿ ವಾದ್ಯಕ್ಕೂ ಮೈಕ್ ಇಟ್ಟು ಆಮೇಲೆ ಸರಿದೂಗಿಸುವ ಗೋಜಿಗೆ ಹೋಗಬೇಡಿ. ನಿರ್ದೇಶಕರು ನಿಲ್ಲುವ ಜಾಗದ ಸ್ವಲ್ಪ ಹಿಂದೆ, ತಲೆಗಿಂತ ಎತ್ತರದಲ್ಲಿ, ಒಂದು ಜೋಡಿ ಸ್ಟೀರಿಯೋ ಮೈಕ್ ಸಾಕು. ಅದರಲ್ಲಿ ಬಾಸ್ ಕೇಳಿಸದಿದ್ದರೆ ಮೈಕನ್ನು ಮುಟ್ಟಬೇಡಿ, ಡ್ರಮ್ಮರಿಗೆ ಹೇಳಿ.