ನಮ್ಮ ಪೇಟೆಯ ಸರ್ಕಾರಿ ಯುಪಿ (ಅಪ್ಪರ್ ಪ್ರೈಮರಿ) ಶಾಲೆ, ಕನ್ನಡ ಡಿವಿಷನ್: ಮಗಳು ಮೂರು ವರ್ಷ ಕಲ್ತ ಮೇಲೆ ಬರೀತಿರುವ ರಿವ್ಯೂ

ಐದಕ್ಕೆ ಮೂರೂವರೆ ಸ್ಟಾರ್. ಕೇರಳದ ಕಾಸರಗೋಡಿನ ಕುಂಬಳೆ ಉಪಜಿಲ್ಲೆಯ ಶಾಲೆ, ಹೆಸ್ರು ಹಾಕುದಿಲ್ಲ, ಚಿಕ್ಕ ಪೇಟೆ, ಬೆಳಿಗ್ಗೆ ಹಾಲಿಗೆ ಹೋದ್ರೆ ಹೆಡ್‌ಮಾಸ್ಟ್ರೇ ಎದುರು ಸಿಗ್ತಾರೆ. ಮಗಳು 2022ರಲ್ಲಿ 5ಕ್ಕೆ ಸೇರಿ 2025ರಲ್ಲಿ 7 ಮುಗಿಸಿದ್ಲು, ಈಗ ಸಣ್ಣವನನ್ನೂ ಅಲ್ಲಿಗೇ ಹಾಕುದಾ ಬೇಡ್ವಾ ಅಂತ ಮನೇಲಿ ದಿನಾ ಚರ್ಚೆ.

ಎಲ್ರೂ ಮೊದ್ಲು ಕೇಳುದು ಮಕ್ಕಳು ಎಷ್ಟಿದ್ದಾರೆ ಅಂತ. ಕಮ್ಮಿ ಮಾರ್ರೆ. ಅವಳ ಕ್ಲಾಸಲ್ಲಿ ಕನ್ನಡದವ್ರು 14 ಜನ, ಪಕ್ಕದ ಮಲಯಾಳ ಡಿವಿಷನಲ್ಲಿ ಕೂರ್ಲಿಕ್ಕೆ ಜಾಗ ಇಲ್ಲ. ಕಮ್ಮಿ ಇದ್ರೆ ಎಂತಾಯ್ತು ಅಂತ ನಾನೂ ಹೇಳ್ತಿದ್ದೆ, ಆದ್ರೆ ವಿಷಯ ಹಾಗಲ್ಲ, ಜೂನ್‌ಲ್ಲಿ ಶಾಲೆ ಶುರುವಾಗಿ ಆರನೇ ವರ್ಕಿಂಗ್ ಡೇಗೆ ಎಷ್ಟು ಹೆಸ್ರು ಉಂಟೋ ಅದ್ರ ಮೇಲೆಯೇ ಆ ವರ್ಷದ ಟೀಚರ್ ಪೋಸ್ಟ್ ತೀರ್ಮಾನ ಆಗುದು, 6ನೇ ಕ್ಲಾಸಿಂದ ಮೇಲೆ 35 ಮಕ್ಕಳಿಗೆ ಒಬ್ರು ಅಂತ ಲೆಕ್ಕ. ಏಳನೇ ದಿನ ಸೇರಿದ ಮಗು ಆಟಕ್ಕುಂಟು ಲೆಕ್ಕಕ್ಕಿಲ್ಲ. ಟೀಚರ್ ಇಲ್ಲ ಅಂತ ನಾಲ್ಕು ಜನ ಟಿಸಿ ತಗೊಂಡು ಇಂಗ್ಲಿಷ್ ಮೀಡಿಯಂ ವ್ಯಾನ್ ಹತ್ತುದು, ಅವ್ರು ಹೋದದ್ರಿಂದ ಮರುವರ್ಷ ಇನ್ನೊಂದು ಪೋಸ್ಟ್ ಹೋಗುದು.

ನಮ್ಮ ಅನುಭವ ಕೇಳಿ. 6ರಲ್ಲಿ ಓಣಂ ಪರೀಕ್ಷೆವರೆಗೆ (ವರ್ಷದ ಮೊದಲ ಪರೀಕ್ಷೆ) ಗಣಿತಕ್ಕೆ ಜನವೇ ಇರ್ಲಿಲ್ಲ. ಆಮೇಲೆ ಡೈಲಿ ವೇಜಲ್ಲಿ ಬಂದವ್ರು ಪಾಪ ಒಳ್ಳೇವ್ರು, ಕನ್ನಡ ಮಾತ್ರ ಬರುದಿಲ್ಲ, ಭಿನ್ನರಾಶಿ ಅಂತ ಓದ್ಲಿಕ್ಕೆ ಮಕ್ಕಳೇ ಅವ್ರಿಗೆ ಹೇಳಿಕೊಟ್ಟದ್ದು. ಸ್ಟಾರ್ ಕಟ್ ಆದದ್ದು ಪೂರ್ತಿ ಇದಕ್ಕೇ.

ರಿಸಲ್ಟ್ ಅಂತ ಕೇಳ್ಬೇಡಿ. ಯುಪಿಯಲ್ಲಿ ಮಗಳಿಗೆ ಬಂದದ್ದು ಬರೀ ಗ್ರೇಡು, ಅದ್ರಲ್ಲಿ ಎಂತ ಗೊತ್ತಾಗುದಿಲ್ಲ. ಗೊತ್ತಾಗುದು 8ರಲ್ಲಿ, ಅಲ್ಲಿ 2024-25ರಿಂದ ಬರವಣಿಗೆ ಪರೀಕ್ಷೇಲಿ ಪ್ರತಿ ಸಬ್ಜೆಕ್ಟಿಗೆ ಶೇಕಡಾ 30 ಮಿನಿಮಂ ಮಾಡಿದ್ದಾರೆ. ಮಗಳು ಸಮಾಜ, ವಿಜ್ಞಾನದಲ್ಲಿ ಆರಾಮ, ಗಣಿತಕ್ಕೆ ಟ್ಯೂಷನ್ ಹಾಕ್ಬೇಕಾಯ್ತು, ಯಾವ ವರ್ಷದ ಪಾಠ ತಪ್ಪಿದ್ದು ಅಂತ ಬೇರೆ ಹೇಳ್ಬೇಕಾ. ಯುಎಸ್‌ಎಸ್ ಸ್ಕಾಲರ್‌ಶಿಪ್ಪಿಗೆ (7ರ ಮಕ್ಕಳಿಗೆ ಸರ್ಕಾರ ನಡೆಸುವ ಪರೀಕ್ಷೆ) ಮಾತ್ರ ಒಬ್ರು ಟೀಚರ್ ಶನಿವಾರ ಬಂದು ಕಲಿಸಿದ್ರು, ಒಂದು ಪೈಸೆ ತಗೊಳ್ಲಿಲ್ಲ.

ಒಳ್ಳೇದು ತುಂಬಾ ಉಂಟು. 14 ಜನ ಅಲ್ವಾ, ಯಾರ ಮನೇಲಿ ಎಂತ ಅಂತ ಟೀಚರಿಗೆ ಗೊತ್ತು. ಒಮ್ಮೆ ಮೂರು ದಿನ ಜ್ವರ ಬಂದದ್ದಕ್ಕೆ ಫೋನ್ ಬಂತು, ಫೀಸ್ ಕೊಟ್ಟು ಕಳಿಸುವ ನನ್ನ ಅಕ್ಕನಿಗೆ ಅಂಥಾ ಫೋನ್ ಈವರೆಗೆ ಬರ್ಲಿಲ್ಲ (ಫೀಸ್ ಬಾಕಿ ಆದ್ರೆ ಬರ್ತದೆ). ಮನೇಲಿ ನಾವು ತುಳು, ಅವಳು ಕನ್ನಡದಲ್ಲಿ ಓದ್ತಾಳೆ, ಶಾಲೇಲಿ ಮಲಯಾಳವೂ ಕಲಿಸ್ತಾರೆ, ನಾನು ಮೊದ್ಲು ಬೈದೆ, ಈಗ ತಾಲೂಕಾಫೀಸಿನ ನೋಟೀಸು ನನಗೆ ಓದಿ ಹೇಳುದು ಅವಳೇ. ಊಟ ಚೆನ್ನಾಗುಂಟು, ಹಾಲು ಮೊಟ್ಟೆಯೂ ಕೊಡ್ತಾರೆ. ಟಾಯ್ಲೆಟ್ ಸುಮಾರು.

ಸಣ್ಣವನನ್ನು ಹಾಕುದು ಅಲ್ಲಿಗೇ ಅಂತ ಹೆಚ್ಚುಕಮ್ಮಿ ಆಗಿದೆ. ನೀವೂ ಹಾಕುದಾದ್ರೆ ಮೇ ತಿಂಗಳಲ್ಲೇ ಹೋಗಿ ಗಣಿತಕ್ಕೆ ಯಾರಿದ್ದಾರೆ, ಕನ್ನಡ ಬರ್ತದಾ ಅಂತ ಕೇಳಿ, ಹೆಡ್‌ಮಾಸ್ಟ್ರು ನೋಡುವಾ ಅಂದ್ರೆ ಪಿಟಿಎ ಮೀಟಿಂಗಲ್ಲಿ ಇನ್ನೊಮ್ಮೆ ಕೇಳಿ, ನಾನೂ ಅಲ್ಲೇ ಇರ್ತೇನೆ.