ಎಪಿಐ 512ಸಿ: ಮೆಲುದನಿಗೆ ಒದಗಿದ ಪ್ರೀಆಂಪ್

ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಸೋಬಾನೆ ಪದಗಳು ಬಾಯಲ್ಲೇ ಇವೆ, ದನಿ ಮಾತ್ರ ಬಹಳ ಮೆಲ್ಲಗಾಗಿದೆ. ಅವನ್ನೆಲ್ಲ ರೆಕಾರ್ಡ್ ಮಾಡಿಡಬೇಕು ಅಂತ ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಶುರು ಮಾಡಿದೆ. ಮೈಕು ಶ್ಯೂರ್ ಎಸ್‌ಎಂ7ಬಿ. ರಸ್ತೆಯ ಸದ್ದನ್ನು ಅದು ಅಷ್ಟಾಗಿ ಹಿಡಿಯುವುದಿಲ್ಲ. ಆದರೆ ಅದಕ್ಕೆ 60 ಡೆಸಿಬಲ್‌ನಷ್ಟು ಗೇನ್, ಅಂದರೆ ಸಿಗ್ನಲ್ಲನ್ನು ಏರಿಸುವ ಶಕ್ತಿ, ಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನನ್ನ ಹಳೆಯ ಇಂಟರ್ಫೇಸಿನ ಗುಂಡಿಯನ್ನು ಕೊನೆವರೆಗೂ ತಿರುಗಿಸಿದರೆ ದನಿಯ ಜೊತೆ ಸುಯ್ ಅನ್ನುವ ಸದ್ದೂ ಏರುತ್ತಿತ್ತು. ಸಾಫ್ಟ್‌ವೇರಿನಲ್ಲಿ ಅದನ್ನು ತೆಗೆದರೆ ಪದದ ಕೊನೆಯ ಉಸಿರೂ ಅದರ ಜೊತೆಗೇ ಹೋಗುತ್ತಿತ್ತು.

ಹಾಗಾಗಿ ದುಡ್ಡು ಕೂಡಿಟ್ಟು ಎಪಿಐ 512ಸಿ ಅನ್ನುವ ಪ್ರೀಆಂಪ್, ಅಂದರೆ ಮೈಕಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಸಾಧನ, ತಗೊಂಡೆ. ಇದು 500 ಸೀರೀಸ್ ಮಾಡ್ಯೂಲ್, ಅಂದರೆ ರ್ಯಾಕ್ ಅನ್ನುವ ಪೆಟ್ಟಿಗೆಯ ಸ್ಲಾಟಿನಲ್ಲಿ ಕೂರಿಸುವಂಥದ್ದು. ಒಂದೂವರೆ ಇಂಚು ಅಗಲ, ತನ್ನದೇ ಕರೆಂಟ್ ಇಲ್ಲ. ರ್ಯಾಕ್ ಕೊಡುವ ಪ್ಲಸ್ ಮೈನಸ್ 16 ವೋಲ್ಟಿನಲ್ಲಿ ನಡೆಯುತ್ತದೆ. ಮೈಕಿಗೆ 65 ಡೆಸಿಬಲ್ ಗೇನ್ ಕೊಡುತ್ತದೆ.

ಕೂರಿಸುವುದು ಕಷ್ಟವಿಲ್ಲ, ಅವಸರ ಮಾಡಬಾರದು ಅಷ್ಟೆ. ಮೊದಲು ರ್ಯಾಕಿನ ವೋಲ್ಟೇಜ್ ಸೆಟ್ಟಿಂಗ್ 230ಕ್ಕೆ ಇದೆಯಾ ನೋಡಿ. ಪವರ್ ಕೇಬಲ್ ಕಿತ್ತಿಟ್ಟ ಮೇಲೇ ಮಾಡ್ಯೂಲ್ ಮುಟ್ಟಬೇಕು. ಒಳಗಡೆ 15 ಪಿನ್ನಿನ ಕನೆಕ್ಟರ್ ಇರುತ್ತದೆ. ಬೋರ್ಡಿನ ಅಂಚು ಅದರ ಬಾಯಿಗೆ ನೇರ ಹೋಗಬೇಕು. ನಾನು ಟಾರ್ಚ್ ಹಿಡಿದು ನೋಡುತ್ತಾ, ಮುಖದ ಮೇಲೆ ಕೆಳಗೆ ಎರಡೂ ಹೆಬ್ಬೆರಳಿಟ್ಟು ಸಮನಾಗಿ ಒತ್ತಿದೆ. ಕಚಕ್ ಅಂತ ಕೂತ ಮೇಲೆ ಸ್ಕ್ರೂ ಬಿಗಿದೆ. ಸ್ಕ್ರೂ ತಿರುಗಿಸಿ ಒಳಗೆ ಎಳೆಯಬೇಡಿ, ಪಿನ್ ಬಾಗುತ್ತದೆ. ಖಾಲಿ ಸ್ಲಾಟುಗಳಿಗೆ ಬ್ಲ್ಯಾಂಕ್ ಪ್ಯಾನೆಲ್ ಹಾಕಿದೆ. ನಮ್ಮೂರ ಧೂಳು ಗೊತ್ತಲ್ವಾ.

ಆಮೇಲೆ ಕೇಬಲ್. ರ್ಯಾಕಿನ ಔಟ್‌ಪುಟ್ಟನ್ನು ಇಂಟರ್ಫೇಸಿನ ಲೈನ್ ಇನ್‌ಪುಟ್ಟಿಗೇ ಕೊಡಬೇಕು. ಮೈಕ್ ಇನ್‌ಪುಟ್ಟಿಗೆ ಕೊಟ್ಟರೆ ಸಿಗ್ನಲ್ ಮತ್ತೊಂದು ಪ್ರೀಆಂಪ್ ದಾಟಬೇಕಾಗುತ್ತದೆ. ಆಗ ಇಷ್ಟು ಖರ್ಚು ಮಾಡಿದ್ದಕ್ಕೆ ಏನು ಬಂತು? ಎಕ್ಸ್‌ಎಲ್‌ಆರ್‌ನಿಂದ (ಮೂರು ಪಿನ್ನಿನ ಕನೆಕ್ಟರ್) ಟಿಆರ್‌ಎಸ್‌ಗೆ (ಕಾಲಿಂಚಿನ ಜ್ಯಾಕ್) ಹೋಗುವ ಕೇಬಲ್ಲನ್ನು ಒಂದು ಅಂಗಡಿಯಲ್ಲಿ ಹೇಳಿ ಮಾಡಿಸಿದೆ. ಹಾಕಿದರೆ ದನಿ ಬಂತು, ಆದರೆ ತೆಳ್ಳಗೆ, ಹಳೇ ಟೆಲಿಫೋನಿನ ಹಾಗೆ. ಮಾಡ್ಯೂಲೇ ಕೆಟ್ಟಿದೆಯೇನೋ ಅಂತ ಎದೆ ಧಸಕ್ಕೆಂದಿತು. ರಾತ್ರಿ ಹನ್ನೊಂದಕ್ಕೆ ಎಕ್ಸ್‌ಎಲ್‌ಆರ್ ಬಿಚ್ಚಿದೆ. 3ನೇ ಪಿನ್ನಿನ ತಂತಿ ಬೆಸುಗೆಯಿಂದ ಬಿಟ್ಟು ಪಕ್ಕದಲ್ಲಿ ನೇತಾಡುತ್ತಿತ್ತು. 512ಸಿಯ ಔಟ್‌ಪುಟ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇದೆ. ಎರಡು ತಂತಿಯಲ್ಲಿ ಒಂದು ಬಿಟ್ಟರೂ ಸರ್ಕ್ಯೂಟ್ ಪೂರ್ತಿಯಾಗುವುದಿಲ್ಲ, ಬಾಸ್ ಹೋಗಿಬಿಡುತ್ತದೆ. ಬೆಸುಗೆ ಹಾಕಿದೆ. ಎದೆಯ ದನಿ ವಾಪಸ್ ಬಂತು. ಕೇಬಲ್ ಮಾಡಿಸಿದರೆ ಮೀಟರ್ ಹಿಡಿದು ಮೂರೂ ಪಿನ್ ನೋಡಿ, ದಯವಿಟ್ಟು.

ಈಗ ಸದ್ದಿನ ಮಾತು. ಅತ್ತೆ ಮೈಕಿನಿಂದ ಗೇಣು ದೂರ ಕೂತು ಹಾಡುತ್ತಾರೆ. ಗೇನ್ ಮುಕ್ಕಾಲು ಭಾಗ ದಾಟಿರುತ್ತದೆ. ಸುಯ್ ಅನ್ನುವುದು ಕಿವಿಗೊಟ್ಟರೆ ಮಾತ್ರ. ‘ಸೋ’ ಅಂತ ಎಳೆಯುವಾಗ ನಡುವಿನ ಸ್ವರಕ್ಕೆ ಒಂದು ಗಟ್ಟಿತನ ಬರುತ್ತದೆ. ತುಟಿ ಸೇರಿಸುವ ಸದ್ದೂ ಸ್ಪಷ್ಟ.

ಕೊರತೆ ಇಲ್ಲ ಅಂತಲ್ಲ. ಕೆಳಗಿನ ಗುಯ್‌ಗುಡುವಿಕೆ ಕತ್ತರಿಸುವ ಫಿಲ್ಟರ್ ಇದರಲ್ಲಿಲ್ಲ, ನಾನು ಮೈಕಿನ ಸ್ವಿಚ್ಚನ್ನೇ ಬಳಸುತ್ತೇನೆ. ಔಟ್‌ಪುಟ್ ತಗ್ಗಿಸುವ ಗುಂಡಿಯೂ ಇಲ್ಲ. ತಮಟೆ, ಡೋಲು ಜಾಸ್ತಿ ರೆಕಾರ್ಡ್ ಮಾಡುವವರು ಆ ಗುಂಡಿ ಇರುವ 512ವಿ ನೋಡುವುದು ಒಳ್ಳೆಯದು. ಕೆಲವು ಮೈಕುಗಳಿಗೆ ಕರೆಂಟ್ ಕೊಡುವ 48 ವೋಲ್ಟಿನ ಸ್ವಿಚ್ ಒತ್ತುವ ಮುಂಚೆ ಸ್ಪೀಕರ್ ಮ್ಯೂಟ್ ಮಾಡಿ. ಎಸ್‌ಎಂ7ಬಿಗೆ ಅದು ಬೇಕಾಗಿಯೂ ಇಲ್ಲ.

ಇದರಲ್ಲಿ ಇರುವುದು ಒಂದೇ ಚಾನೆಲ್. ಸೋಬಾನೆಯಲ್ಲಿ ಒಬ್ಬರು ಹಾಡಿದರೆ ಇನ್ನೊಬ್ಬರು ಸೊಲ್ಲೆತ್ತಬೇಕು. ಅತ್ತೆಯ ಜೊತೆ ಹಾಡುತ್ತಿದ್ದ ಅವರ ಓರಗಿತ್ತಿ ಬರುವ ತಿಂಗಳು ಊರಿನಿಂದ ಬರುತ್ತಾರೆ. ಅಷ್ಟರೊಳಗೆ ಪಕ್ಕದ ಬ್ಲ್ಯಾಂಕ್ ಪ್ಯಾನೆಲ್ ಬಿಚ್ಚಿ ಇನ್ನೊಂದು 512ಸಿ ಕೂರಿಸುತ್ತೇನೆ.