ಹಳೇ ಓಮ್ನಿ ಕ್ಯಾಂಪರ್ ಮತ್ತು ಕುಂದಾಪುರದ ಟಿಂಕರಿಂಗ್ ಶೆಡ್

ಹಿಂದಿನ ಸೀಟು ತೆಗೆದು ಮಂಚ, ಗ್ಯಾಸ್ ಸ್ಟವ್ ಕೂರಿಸಿದ್ದ 2012ರ ಓಮ್ನಿ ಕೊಂಡೆ. 796 ಸಿಸಿ ಎಂಜಿನ್ ಇನ್ನೂ ಗಟ್ಟಿ. ಪಾರ್ಟ್ಸ್‌ಗೂ ಪರದಾಡಬೇಕಿಲ್ಲ, 2019ರವರೆಗೂ ತಯಾರಾದ ಗಾಡಿ ಅಲ್ವಾ. ಗೋಳೆಲ್ಲ ತುಕ್ಕಿನದು. ಕಡಲ ಬದಿಯಲ್ಲೇ ಓಡಿದ ಗಾಡಿಯನ್ನು ಉಪ್ಪುಗಾಳಿ ಬಿಡುತ್ತದೆಯೇ?

ಕುಂದಾಪುರದ ಹೆದ್ದಾರಿ ಬದಿಯ ಒಂದು ಟಿಂಕರಿಂಗ್ ಶೆಡ್‌ಗೆ ಒಯ್ದೆ. ಬೋರ್ಡೂ ಇಲ್ಲ. ಮೇಸ್ತ್ರಿ ಜೇಬಿನಿಂದ ಸಣ್ಣ ಆಯಸ್ಕಾಂತ ತೆಗೆದು ಗಾಡಿಯ ಮೈಗೆಲ್ಲ ತಾಗಿಸಿ ನೋಡಿದರು. ಸ್ಲೈಡಿಂಗ್ ಬಾಗಿಲಿನ ಕೆಳಗೆ ಅದು ಹಿಡಿಯಲೇ ಇಲ್ಲ, ಜಾರಿ ಬಿತ್ತು. "ಇಲ್ಲಿ ತಗಡೇ ಇಲ್ಲ ಮರಾಯ್ರೆ, ಬರೀ ಪುಟ್ಟಿ" ಅಂದರು. ಪುಟ್ಟಿ ಅಂದರೆ ತೂತು-ತಗ್ಗು ಮುಚ್ಚಲು ಮೆತ್ತುವ ಪೇಸ್ಟ್. ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಬಿಸ್ಕತ್ತಿನ ಹಾಗೆ ಪುಡಿಯಾಯಿತು.

ಫುಟ್‌ಬೋರ್ಡ್, ಮಂಚದಡಿಯ ನೆಲ ಎರಡನ್ನೂ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿದರು. ಅದಕ್ಕೂ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟರು, ಅದು ನನಗೆ ಇಷ್ಟವಾಯಿತು. ಆಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ, ಅದರ ಮೇಲೆ ಅಂಡರ್‌ಬಾಡಿ ಕೋಟಿಂಗ್. ನೀರು ಹರಿಯುವ ತೂತುಗಳನ್ನು ಮಾತ್ರ ಹಾಗೇ ಬಿಟ್ಟರು. ಸುಮ್ನೆ ಎಲ್ಲ ಮುಚ್ಚಿದ್ದರೆ ಒಳಗಿಂದಲೇ ಮತ್ತೆ ತುಕ್ಕು ತಿನ್ನುತ್ತಿತ್ತು.

ಕೆಲಸ ನಿಧಾನ. ಬಣ್ಣ ಪೂರ್ತಿ ಹೊಂದಿಲ್ಲ. ಬಿಲ್ ಕೇಳಿದರೆ ನಗುತ್ತಾರೆ. ಮಳೆಗಾಲದಲ್ಲಿ ಮಾತ್ರ ಹೋಗಬೇಡಿ, ಶೆಡ್ಡೇ ಸೋರುತ್ತದೆ.